ಕೆನ್ನೀರು ಕಡಲು ಸೇರಿದಾಗ: ಉಪಗ್ರಹಚಿತ್ರಗಳಲ್ಲಿ ನದಿಯನ್ನು ಓದುವ ಬಗೆ

ತುಮಕೂರು, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ಕಡಲನ್ನು ಕುರಿತು ಮಾತನಾಡುವ ಸಂದರ್ಭಗಳು ಕಡಿಮೆ. ಆದರೂ ಇಲ್ಲಿನ ಬೆಟ್ಟಗಳ ಮೇಲೆ ಬೀಳುವ ಮಳೆಯಲ್ಲಿ ಕೆರೆಗಳು ಹಿಡಿದಿಟ್ಟು, ನೆಲ ಕುಡಿದು, ಬಿಸಿಲು ಹೀರಿ ಮಿಕ್ಕಿದ್ದು ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ. ನಂದಿ ಬೆಟ್ಟಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಆಂಧ್ರಪ್ರದೇಶಕ್ಕೆ ಇಳಿದು, ಪೆನ್ನಾ ಎಂಬ ಹೆಸರಿನಲ್ಲಿ ಒಟ್ಟು 597 ಕಿ.ಮೀ. ಹರಿದು, ನೆಲ್ಲೂರು ಜಿಲ್ಲೆಯ ಊಟುಕೂರಿನ ಬಳಿ ಕಡಲು ಸೇರುತ್ತದೆ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹಾದು ತಮಿಳುನಾಡಿಗೆ ಹೋಗಿ ಕಡಲೂರಿನ ಬಳಿ ಸಮುದ್ರಕ್ಕೆ ಬೀಳುತ್ತದೆ. ಪಾಲಾರ್ ಬೇತಮಂಗಲದ ಕೆರೆಯನ್ನು ತುಂಬಿಸಿ ಮುಂದೆ ಸಾಗಿ, ಚೆನ್ನೈನ ದಕ್ಷಿಣಕ್ಕೆ ಕಲ್ಪಾಕ್ಕಂ ಸಮೀಪ ಕಡಲು ತಲುಪುತ್ತದೆ. ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ದಾಟಿ ಪೆನ್ನಾ ನದಿಯನ್ನು ಸೇರಿದರೆ, ಅದೇ ಬೆಟ್ಟದ ಶಿಂಷಾ ದಕ್ಷಿಣಕ್ಕೆ ತಿರುಗಿ ಕಾವೇರಿಯಲ್ಲಿ ಕೂಡಿಕೊಂಡು ಪೂಂಪುಹಾರಿನ ಕಡೆ ಹೋಗುತ್ತದೆ. ಒಂದೇ ಬೆಟ್ಟದ ಎರಡು ಇಳಿಜಾರುಗಳಲ್ಲಿ ಜಾರಿದ ಹನಿಗಳು ಕಡಲು ಮುಟ್ಟುವ ತಾಣಗಳ ನಡುವೆ 350 ಕಿ.ಮೀ.ಗೂ ಹೆಚ್ಚಿನ ಅಂತರವಿದೆ.

ಹೀಗೆ ಹೊರಟ ನೀರು ನಿಜಕ್ಕೂ ಕಡಲನ್ನು ಮುಟ್ಟಿತೇ, ಮುಟ್ಟಿದ್ದರೆ ಯಾವಾಗ, ಎಷ್ಟು ದೂರ ಹರಡಿತು, ತನ್ನೊಡನೆ ಎಷ್ಟು ಮಣ್ಣನ್ನು ಒಯ್ದಿತು ಎಂಬ ಪ್ರಶ್ನೆಗಳಿಗೆ ನದಿಯ ಮೇಲಿನ ಮಾಪನ ಕೇಂದ್ರಗಳು ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ. ಅಳಿವೆಯ ಆಚೆಗೆ ಮಾಪಕಗಳಿಲ್ಲ. ಪ್ರವಾಹದ ದಿನಗಳಲ್ಲಿ ಕಡಲು ಒರಟಾಗಿರುವುದರಿಂದ ದೋಣಿ, ಹಡಗುಗಳೂ ಅಲ್ಲಿಗೆ ಹೋಗಲಾರವು. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿರುವುದು ಉಪಗ್ರಹಗಳು. ಆದರೆ ಉಪಗ್ರಹ ಅಳೆಯುವುದು ನದಿಯ ನೀರನ್ನೂ ಅಲ್ಲ, ಮಣ್ಣನ್ನೂ ಅಲ್ಲ. ಅದರ ಸಂವೇದಕವನ್ನು ತಲುಪಿದ ಬೆಳಕನ್ನು ಮಾತ್ರ. ಆ ಬೆಳಕಿನಿಂದ ನದಿಯವರೆಗೆ ಹಿಂದಕ್ಕೆ ನಡೆಯುವ ದಾರಿಯಲ್ಲಿ ಹಲವು ಅನುಮಾನಗಳನ್ನು ಒಂದೊಂದಾಗಿ ಪರಿಹರಿಸಿಕೊಳ್ಳಬೇಕಾಗುತ್ತದೆ.

ತೇಲುವ ನದಿ

ಹೊಳೆಯ ನೀರು ಸಮುದ್ರಕ್ಕೆ ಬಿದ್ದೊಡನೆ ಅದರಲ್ಲಿ ಬೆರೆತುಹೋಗುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಗೆ ಆಗುವುದಿಲ್ಲ. ಒಂದು ಘನ ಮೀಟರ್ ಸಿಹಿನೀರು ಸುಮಾರು 1000 ಕಿ.ಗ್ರಾಂ. ತೂಗಿದರೆ, ಅಷ್ಟೇ ಗಾತ್ರದ ಕಡಲನೀರು ಸುಮಾರು 1025 ಕಿ.ಗ್ರಾಂ. ತೂಗುತ್ತದೆ. ಶೇಕಡ ಎರಡೂವರೆಯಷ್ಟಿರುವ ಈ ವ್ಯತ್ಯಾಸವೇ ನದಿಯನ್ನು ಕಡಲಿನ ಮೇಲೆ ತೇಲಿಸಲು ಸಾಕು. ಕೆಲವೇ ಮೀಟರ್ ದಪ್ಪದ ಪದರವಾಗಿ ನದಿಯ ನೀರು ಅಳಿವೆಯಿಂದ ಹೊರಟು ಉಪ್ಪುನೀರಿನ ಮೇಲೆ ಹರಡಿಕೊಳ್ಳುತ್ತದೆ; ಗಾಳಿ ಮತ್ತು ಅಲೆಗಳು ಅದನ್ನು ಮೇಲಿನಿಂದಲೂ ಅಂಚುಗಳಿಂದಲೂ ನಿಧಾನವಾಗಿ ಕಲಕುತ್ತ ಹೋಗುತ್ತವೆ. ವಿಜ್ಞಾನಿಗಳು ‘ರಿವರ್ ಪ್ಲೂಮ್’ ಎನ್ನುವ ಈ ಪದರವನ್ನು ಇಲ್ಲಿ ನದಿಹರವು ಎಂದು ಕರೆಯೋಣ. ಅದರ ಅಂಚಿನಲ್ಲಿ ಎರಡು ಬಗೆಯ ನೀರು ಸಂಧಿಸುವ ಗೆರೆ ಎಷ್ಟೋ ಸಲ ಬರಿಗಣ್ಣಿಗೇ ಕಾಣುತ್ತದೆ: ಒಂದು ಬದಿಗೆ ಕೆಂಪು ಬಗ್ಗಡ, ಇನ್ನೊಂದು ಬದಿಗೆ ಹಸಿರುನೀಲಿ, ನಡುವೆ ನೊರೆ ಮತ್ತು ಕಸಕಡ್ಡಿಯ ಸಾಲು. ಇಂಥ ಗೆರೆಗಳಲ್ಲಿ ಸಣ್ಣ ಜೀವಿಗಳೂ ಅವನ್ನು ಹಿಂಬಾಲಿಸಿ ಮೀನುಗಳೂ ಕೂಡುವುದರಿಂದ ಮೀನುಗಾರರಿಗೆ ಅವುಗಳ ಪರಿಚಯ ಚೆನ್ನಾಗಿದೆ.

ಹರವು ಯಾವ ಕಡೆಗೆ ತಿರುಗುತ್ತದೆ ಎಂಬುದಕ್ಕೂ ಕಾರಣಗಳಿವೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಚಲಿಸುವ ನೀರು ತನ್ನ ಬಲಕ್ಕೆ ಬಾಗುತ್ತದೆ. ಪೂರ್ವಕ್ಕೆ ಮುಖ ಮಾಡಿ ಕಡಲಿಗಿಳಿಯುವ ಪೆನ್ನಾ, ಪಾಲಾರ್, ದಕ್ಷಿಣ ಪಿನಾಕಿನಿಗಳ ಪಾಲಿಗೆ ಬಲಗಡೆಯೆಂದರೆ ದಕ್ಷಿಣ. ಈ ನದಿಗಳ ದೊಡ್ಡ ಪ್ರವಾಹಗಳು ಹೆಚ್ಚಾಗಿ ಬರುವುದು ಹಿಂಗಾರಿನ ವಾಯುಭಾರ ಕುಸಿತಗಳ ಕಾಲದಲ್ಲಿ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆಗ ಬೀಸುವ ಈಶಾನ್ಯದ ಗಾಳಿ ಮೇಲ್ಪದರದ ನೀರನ್ನು ದಡದ ಕಡೆಗೆ ಒತ್ತುತ್ತದೆ, ಕರಾವಳಿಗುಂಟ ಹರಿಯುವ ಕಡಲಪ್ರವಾಹವೂ ಆ ತಿಂಗಳುಗಳಲ್ಲಿ ದಕ್ಷಿಣಾಭಿಮುಖವಾಗಿರುತ್ತದೆ. ಭೂಮಿಯ ತಿರುಗುವಿಕೆ, ಗಾಳಿ, ಕಡಲಪ್ರವಾಹ ಮೂರೂ ಒಂದೇ ದಿಕ್ಕಿಗೆ ನೂಕುವುದರಿಂದ ಹಿಂಗಾರಿನ ಹರವು ದಡಕ್ಕೆ ಅಂಟಿಕೊಂಡ ಕಿರಿದಾದ ಪಟ್ಟಿಯಾಗಿ ದಕ್ಷಿಣಕ್ಕೆ ಜಾರುವುದು ಸಹಜ. ನೈಋತ್ಯದ ಗಾಳಿ ಬೀಸುವ ಮುಂಗಾರಿನಲ್ಲಿ ಇದೇ ಕರಾವಳಿಯ ಮೇಲ್ಪದರದ ನೀರು ದಡದಿಂದ ಆಚೆಗೆ ತಳ್ಳಲ್ಪಡುತ್ತದೆ. ಆಗ ಹರವೇನಾದರೂ ಇದ್ದರೆ ಅದು ತೆಳುವಾಗಿ ಕಡಲೊಳಕ್ಕೆ ಚಾಚಿಕೊಳ್ಳುತ್ತದೆ. ಚಿತ್ರವನ್ನು ತೆರೆಯುವ ಮುನ್ನ ಆ ದಿನದ ಗಾಳಿಯ ದಿಕ್ಕನ್ನು ನೋಡಿಕೊಳ್ಳುವ ಅಭ್ಯಾಸವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಗಾಳಿಯನ್ನು ಮರೆತು ಹರವಿನ ಆಕಾರವನ್ನಷ್ಟೇ ನೋಡಿದವರು ಕಡಿಮೆ ನೀರನ್ನು ಹೆಚ್ಚೆಂದೂ ಹೆಚ್ಚು ನೀರನ್ನು ಕಡಿಮೆಯೆಂದೂ ತಿಳಿಯುವ ಅಪಾಯವಿದೆ.

ಬೆಳಕು ಹೊತ್ತು ತರುವ ಸುದ್ದಿ

ಶುದ್ಧವಾದ ಆಳದ ನೀರು ಕೆಂಪು ಬೆಳಕನ್ನು ಬಲವಾಗಿ ಹೀರಿ, ನೀಲಿಯನ್ನು ಚದುರಿಸಿ ಹಿಂದಕ್ಕೆ ಕಳಿಸುವುದರಿಂದ ನೀಲಿಯಾಗಿ ಕಾಣುತ್ತದೆ. ಕರಾವಳಿಯ ನೀರಿನಲ್ಲಿ ಈ ಮೂಲ ಬಣ್ಣವನ್ನು ಮೂರು ವಸ್ತುಗಳು ಬದಲಿಸುತ್ತವೆ. ಮೊದಲನೆಯದು ತೇಲುವ ಮಣ್ಣಿನ ಕಣಗಳು. ಇವು ಬೆಳಕನ್ನು ಎಲ್ಲ ಕಡೆಗೂ ಚದುರಿಸಿ ನೀರನ್ನು ಹೊಳಪಾಗಿಸುತ್ತವೆ, ಅದರಲ್ಲೂ ಕೆಂಪು ಮತ್ತು ಅವಕೆಂಪು ಬೆಳಕಿನಲ್ಲಿ. ಎರಡನೆಯದು ಬರಿಗಣ್ಣಿಗೆ ಕಾಣದ ತೇಲುಸಸ್ಯಗಳಾದ ಫೈಟೊಪ್ಲಾಂಕ್ಟನ್. ಇವುಗಳ ಪತ್ರಹರಿತ್ತು ನೀಲಿ ಮತ್ತು ಕೆಂಪನ್ನು ಹೀರಿ ಹಸಿರನ್ನು ಉಳಿಸುತ್ತದೆ. ಮೂರನೆಯದು ಕೊಳೆತ ಎಲೆ, ಬೇರು, ಗೊಬ್ಬರಗಳಿಂದ ಕರಗಿ ಬಂದ ಸಾವಯವ ಪದಾರ್ಥ. ಇದು ನೀಲಿಯನ್ನು ಹೀರಿ ನೀರಿಗೆ ಹಳದಿ ಅಥವಾ ಕಂದು ಛಾಯೆ ಕೊಡುತ್ತದೆ, ಆದರೆ ಬೆಳಕನ್ನು ಚದುರಿಸುವುದಿಲ್ಲ.

ತೆರೆದ ಮಹಾಸಾಗರದಲ್ಲಿ ಬಣ್ಣವನ್ನು ನಿರ್ಧರಿಸುವುದು ಬಹುಪಾಲು ಫೈಟೊಪ್ಲಾಂಕ್ಟನ್ ಒಂದೇ ಆದ್ದರಿಂದ ನೀಲಿ ಮತ್ತು ಹಸಿರು ಬೆಳಕಿನ ಅನುಪಾತದಿಂದ ಪತ್ರಹರಿತ್ತಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. ಕರಾವಳಿಯಲ್ಲಿ ಈ ಸರಳ ಲೆಕ್ಕ ಕೈಕೊಡುತ್ತದೆ. ಅಲ್ಲಿ ಮೂರೂ ವಸ್ತುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಏರಿಳಿಯುತ್ತವೆ, ಮತ್ತು ನೀಲಿ ಬೆಳಕು ಕಡಿಮೆಯಾದದ್ದಕ್ಕೆ ಪಾಚಿ ಕಾರಣವೋ ಕರಗಿದ ಕೊಳೆತ ಪದಾರ್ಥ ಕಾರಣವೋ ಎಂಬುದು ಅನುಪಾತವೊಂದರಿಂದಲೇ ತಿಳಿಯುವುದಿಲ್ಲ. ನದಿಹರವಿನ ಮೇಲೆ ಸಿದ್ಧ ಸೂತ್ರ ಹಾಕಿ ತೆಗೆದ ಪತ್ರಹರಿತ್ತಿನ ನಕ್ಷೆಗಳು ಆಕರ್ಷಕವಾಗಿ ಕಾಣುತ್ತವೆ, ಆದರೆ ಅವುಗಳಲ್ಲಿ ಹಸಿರೆಂದು ತೋರಿಸಿದ್ದು ಎಷ್ಟೋ ವೇಳೆ ಮಣ್ಣೇ ಆಗಿರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕಡಲಿನ ಮೇಲೆ ಹಾದುಹೋಗುವ ಉಪಗ್ರಹವನ್ನು ತಲುಪುವ ಬೆಳಕಿನಲ್ಲಿ ನೀರಿನೊಳಗಿಂದ ಹೊರಟದ್ದು ಸಾಮಾನ್ಯವಾಗಿ ಶೇಕಡ ಹತ್ತರಷ್ಟು ಅಥವಾ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಗಾಳಿಯ ಅಣುಗಳು, ದೂಳು, ಹೊಗೆ, ಉಪ್ಪಿನ ಕಣಗಳು ಚದುರಿಸಿದ ಬೆಳಕು, ಜೊತೆಗೆ ನೀರಿನ ಮೇಲ್ಮೈಯಿಂದ ಕನ್ನಡಿಯಂತೆ ಪ್ರತಿಫಲಿಸಿದ ಬಿಸಿಲು. ನಮಗೆ ಬೇಕಾದ ಸುದ್ದಿ ಇರುವುದು ಆ ಹತ್ತರಲ್ಲಿ. ತೊಂಬತ್ತನ್ನು ಕರಾರುವಾಕ್ಕಾಗಿ ಕಳೆಯುವ ಈ ಕೆಲಸಕ್ಕೆ ವಾತಾವರಣ ತಿದ್ದುಪಡಿ ಎನ್ನುತ್ತಾರೆ. ಇದರಲ್ಲಿ ಸಣ್ಣ ತಪ್ಪಾದರೂ ಉಳಿಕೆಯಲ್ಲಿ ಅದು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಈ ತಿದ್ದುಪಡಿಯ ಹಳೆಯ ವಿಧಾನ ಒಂದು ಜಾಣ ಊಹೆಯ ಮೇಲೆ ನಿಂತಿದೆ. ನೀರು ಅವಕೆಂಪು ಬೆಳಕನ್ನು ಎಷ್ಟು ಬಲವಾಗಿ ಹೀರುತ್ತದೆಂದರೆ, 860 ನ್ಯಾನೋಮೀಟರ್ ಸುಮಾರಿನ ಅಲೆಯುದ್ದದ ಬೆಳಕು ಗೇಣುದ್ದದ ಆಳದೊಳಗೇ ಬಹುಪಾಲು ಮುಗಿದುಹೋಗುತ್ತದೆ. ಆದ್ದರಿಂದ ತಿಳಿಯಾದ ಕಡಲು ಆ ಬೆಳಕಿನಲ್ಲಿ ಕಪ್ಪಗೆ ಕಾಣಬೇಕು. ಕಪ್ಪಗಿಲ್ಲದಿದ್ದರೆ ಅಷ್ಟೂ ಬೆಳಕು ವಾತಾವರಣದ್ದೇ ಎಂದು ತಿಳಿದು, ಅದರಿಂದ ಉಳಿದ ಬಣ್ಣಗಳಲ್ಲಿ ವಾತಾವರಣದ ಪಾಲನ್ನು ಅಂದಾಜು ಮಾಡಬಹುದು. ಬಗ್ಗಡದ ನೀರಿನಲ್ಲಿ ಈ ಊಹೆ ಮುರಿದುಬೀಳುತ್ತದೆ, ಏಕೆಂದರೆ ಅಲ್ಲಿ ಮೇಲ್ಮೈಗೆ ಹತ್ತಿರವಿರುವ ಮಣ್ಣಿನ ಕಣಗಳು ಅವಕೆಂಪು ಬೆಳಕನ್ನೂ ಹಿಂದಕ್ಕೆ ಕಳಿಸುತ್ತವೆ. ಗಣಕಯಂತ್ರ ಆ ಮಣ್ಣನ್ನು ದೂಳೆಂದು ತಿಳಿದು ಕಳೆದುಬಿಡುತ್ತದೆ. ನೀಲಿ ಬೆಳಕಿನ ಪ್ರಮಾಣ ಸೊನ್ನೆಗಿಂತ ಕೆಳಕ್ಕಿಳಿದು ಅಸಂಬದ್ಧ ಉತ್ತರ ಬರುತ್ತದೆ. ಇದಕ್ಕೆ ಪರಿಹಾರವಾಗಿ 1200ರಿಂದ 2200 ನ್ಯಾನೋಮೀಟರ್‌ವರೆಗಿನ, ಇನ್ನೂ ಉದ್ದದ ಅಲೆಗಳ ಅವಕೆಂಪು ಬೆಳಕನ್ನು ಬಳಸುತ್ತಾರೆ. ಆ ಬೆಳಕಿನಲ್ಲಿ ದಟ್ಟ ಬಗ್ಗಡವೂ ಬಹುಮಟ್ಟಿಗೆ ಕಪ್ಪಗೇ ಇರುತ್ತದೆ. ನದಿಹರವಿನ ಅಧ್ಯಯನಕ್ಕೆ ಬೇಕಾದ ವಿಶೇಷ ತಂತ್ರಾಂಶಗಳು, ಉದಾಹರಣೆಗೆ ಬೆಲ್ಜಿಯಂನಲ್ಲಿ ರೂಪುಗೊಂಡ ಅಕೋಲೈಟ್, ಈ ಬಗೆಯ ತಿದ್ದುಪಡಿಯನ್ನು ಒದಗಿಸುತ್ತವೆ. ನೆಲದ ಚಿತ್ರಗಳಿಗೆಂದು ತಿದ್ದಿ ಉಚಿತವಾಗಿ ಹಂಚುವ ದತ್ತಾಂಶವನ್ನು ಹಾಗೆಯೇ ನೀರಿಗೆ ಅನ್ವಯಿಸುವುದು ಹೊಸಬರು ಹೆಚ್ಚಾಗಿ ಮಾಡುವ ತಪ್ಪು.

ತಿದ್ದುಪಡಿಯ ನಂತರ ಉಳಿಯುವುದು ನೀರಿನ ನಿಜವಾದ ಪ್ರತಿಫಲನ. ಅದರಿಂದ ಲೀಟರಿಗೆ ಎಷ್ಟು ಮಿಲಿಗ್ರಾಂ ಮಣ್ಣು ಎಂಬ ಸಂಖ್ಯೆಗೆ ಬರಲು ಮತ್ತೊಂದು ಸೂತ್ರ ಬೇಕು. ಮಣ್ಣು ಹೆಚ್ಚಿದಂತೆ 645 ನ್ಯಾನೋಮೀಟರ್ ಸುಮಾರಿನ ಕೆಂಪು ಬೆಳಕಿನ ಪ್ರತಿಫಲನವೂ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ನೀರು ಬಹಳ ಕದಡಿದ್ದರೆ ಇನ್ನಷ್ಟು ಮಣ್ಣು ಸೇರಿದರೂ ಕೆಂಪಿನ ಹೊಳಪು ಏರುವುದಿಲ್ಲ. ಆಗ ಅವಕೆಂಪಿಗೆ ಹೊರಳಬೇಕು. ಆದ್ದರಿಂದ ಹೊರಗಿನ ತೆಳು ಬಗ್ಗಡಕ್ಕೆ ಕೆಂಪನ್ನೂ ಅಳಿವೆಯ ಬಾಯಿಯ ದಟ್ಟ ಬಗ್ಗಡಕ್ಕೆ ಅವಕೆಂಪನ್ನೂ ಬಳಸಿ, ನಡುವಿನಲ್ಲಿ ಎರಡನ್ನೂ ಹದವಾಗಿ ಬೆರೆಸುವ ಸೂತ್ರಗಳು ಈಗ ರೂಢಿಯಲ್ಲಿವೆ.

ಇಲ್ಲಿ ಮಣ್ಣಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ತೂಕದ ನುಣುಪಾದ ಜೇಡಿ ಕಣಗಳು ಒರಟು ಮರಳಿಗಿಂತ ಬಹಳ ಹೆಚ್ಚು ಬೆಳಕನ್ನು ಚದುರಿಸುತ್ತವೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆಂಪುಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡುಗಳು ನೀಲಿಯನ್ನು ಹೀರಿ ಪ್ರತಿಫಲನವನ್ನು ಕೆಂಪಿನತ್ತ ವಾಲಿಸುತ್ತವೆ. ಯುರೋಪಿನ ಅಳಿವೆಯೊಂದರ ಬೂದುಬಣ್ಣದ ಕೆಸರಿಗೆ ಹೊಂದಿಸಿದ ಸೂತ್ರವನ್ನು ಪೆನ್ನಾದ ಅಳಿವೆಗೆ ತಂದರೆ ಅದು ತಪ್ಪು ತೂಕ ಹೇಳಬಹುದು. ನಮ್ಮ ನದಿಗಳ ನೀರನ್ನೇ ತೆಗೆದು, ಸೋಸಿ, ಒಣಗಿಸಿ, ತೂಗಿ ಸೂತ್ರವನ್ನು ಹದಗೊಳಿಸುವುದಕ್ಕೆ ಬದಲಿ ಉಪಾಯವಿಲ್ಲ.

ಇಷ್ಟೆಲ್ಲ ಮಾಡಿದರೂ ದೊರೆಯುವುದು ಮೇಲ್ಪದರದ ಸುದ್ದಿ ಮಾತ್ರ ಎಂಬುದನ್ನು ನೆನಪಿಡಬೇಕು. ನೀರು ಕದಡಿದಷ್ಟೂ ಬೆಳಕು ಒಳಹೊಕ್ಕು ಮರಳುವ ಆಳ ಕಡಿಮೆಯಾಗುತ್ತದೆ. ಇದಲ್ಲದೆ ಮಣ್ಣು ಮತ್ತು ಸಿಹಿನೀರು ಬಹಳ ದೂರ ಜೊತೆಯಾಗಿ ಸಾಗುವುದಿಲ್ಲ. ಹಾಲಿಗೆ ನಿಂಬೆರಸ ಬಿದ್ದಾಗ ಅದು ಒಡೆದು ಗಟ್ಟಿಯಾಗುವಂತೆ, ಸಿಹಿನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಜೇಡಿ ಕಣಗಳು ಉಪ್ಪುನೀರು ತಾಗಿದಾಗ ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ತಳಕ್ಕಿಳಿಯುತ್ತವೆ. ಹೀಗಾಗಿ ಬಗ್ಗಡದ ಗೆರೆ ಮುಗಿದಲ್ಲಿಗೆ ನದಿಯ ನೀರು ಮುಗಿದಿಲ್ಲ. ತಿಳಿಯಾದ ಸಿಹಿನೀರು ಅದಕ್ಕಿಂತ ಮುಂದೆ, ಬೇರೆ ಬಣ್ಣದಲ್ಲಿ, ಸಾಗಿರುತ್ತದೆ.

ಯಾವ ಉಪಗ್ರಹ, ಎಷ್ಟು ಸೂಕ್ಷ್ಮ

ಕಡಲಿನ ಬಣ್ಣವನ್ನು ಅಳೆಯಲೆಂದೇ ರೂಪಿಸಿದ ಮೊದಲ ಸಂವೇದಕ 1978ರಲ್ಲಿ ನಾಸಾದ ನಿಂಬಸ್-7 ಉಪಗ್ರಹದ ಮೇಲೆ ಹೋಯಿತು ಮತ್ತು 1986ರವರೆಗೆ ಕೆಲಸ ಮಾಡಿತು. ಅಮೆಜಾನ್ ನದಿಯ ನೀರು ದಕ್ಷಿಣ ಅಮೆರಿಕದ ದಡದಿಂದ ಹೊರಟು, ವರ್ಷದ ಕೆಲವು ತಿಂಗಳುಗಳಲ್ಲಿ ಕಡಲಪ್ರವಾಹದೊಡನೆ ಹೊರಳಿ ಆಫ್ರಿಕಾದ ದಿಕ್ಕಿಗೆ ಅಟ್ಲಾಂಟಿಕ್‌ನೊಳಕ್ಕೆ ಸಾಗುತ್ತದೆ ಎಂಬುದನ್ನು 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು ಆ ಸಂವೇದಕದ ಚಿತ್ರಗಳಿಂದಲೇ. ಹಡಗುಗಳಿಂದ ಅಲ್ಲಲ್ಲಿ ಎತ್ತಿದ ನೀರಿನಿಂದ ಅಷ್ಟು ದೊಡ್ಡ ಚಿತ್ರವನ್ನು ಜೋಡಿಸುವುದು ಬಹಳ ಕಷ್ಟವಿತ್ತು. ಭಾರತ 1999ರ ಮೇ 26ರಂದು ಓಷನ್‌ಸ್ಯಾಟ್-1 ಉಡಾವಣೆಯೊಂದಿಗೆ ಈ ಕ್ಷೇತ್ರಕ್ಕೆ ಕಾಲಿಟ್ಟಿತು. 2009ರಲ್ಲಿ ಓಷನ್‌ಸ್ಯಾಟ್-2, 2022ರ ನವೆಂಬರ್ 26ರಂದು 13 ಬಣ್ಣಪಟ್ಟಿಗಳ ಸಂವೇದಕವನ್ನು ಹೊತ್ತ ಇಒಎಸ್-06 ಅದನ್ನು ಮುಂದುವರಿಸಿದವು. ಇಂಥ ಉಪಗ್ರಹಗಳ ದತ್ತಾಂಶದಿಂದ ಪಡೆದ ಪತ್ರಹರಿತ್ತು ಮತ್ತು ಕಡಲಿನ ಉಷ್ಣತೆಯ ನಕ್ಷೆಗಳನ್ನು ಬಳಸಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ತಾಣಗಳ ಸೂಚನೆಯನ್ನು ಮೀನುಗಾರರಿಗೆ ಕೊಡುತ್ತದೆ.

ಉಪಗ್ರಹದ ಆಯ್ಕೆಯಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಉಪಗ್ರಹಗಳ ಅತಿ ಸೂಕ್ಷ್ಮ ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಎಂದರೆ ನಮ್ಮ ಜಮೀನಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಅದರಲ್ಲಿ ಅಳಿವೆಯ ಮರಳದಿಬ್ಬ ಎಲ್ಲಿ ಒಡೆದಿದೆ, ಬಗ್ಗಡದ ಅಂಚು ಹೇಗೆ ಮಡಿಚಿಕೊಂಡಿದೆ ಎಂಬುದೂ ಕಾಣುತ್ತದೆ. ಆದರೆ ಎರಡು ಉಪಗ್ರಹಗಳು ಸೇರಿಯೂ ಒಂದೇ ಜಾಗಕ್ಕೆ ಮರಳುವುದು ಐದು ದಿನಕ್ಕೊಮ್ಮೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ, 30 ಮೀಟರ್ ಪಿಕ್ಸೆಲ್‌ನಲ್ಲಿ ನೋಡುತ್ತವೆ. ನಾಸಾದ ಮೋಡಿಸ್ ಸಂವೇದಕ ಬಹುತೇಕ ಪ್ರತಿದಿನ ನೋಡಿದರೂ ಅದರ 250 ಮೀಟರ್ ಪಿಕ್ಸೆಲ್ ಹದಿನೈದು ಎಕರೆಗೂ ದೊಡ್ಡದು, ಸೆಂಟಿನೆಲ್-3ರ 300 ಮೀಟರ್ ಪಿಕ್ಸೆಲ್ ಇಪ್ಪತ್ತೆರಡು ಎಕರೆಯಷ್ಟು. ಗಂಗೆ, ಗೋದಾವರಿಗಳಿಗೆ ಈ ಗಾತ್ರ ಸಾಕು. ಪಾಲಾರಿನಂಥ ನದಿಯ ಕೆಲವೇ ದಿನಗಳ ಹರವಿಗೆ ಸೂಕ್ಷ್ಮ ಪಿಕ್ಸೆಲ್ ಬೇಕು, ಆದರೆ ಆ ಕೆಲವೇ ದಿನಗಳಲ್ಲಿ ಸೂಕ್ಷ್ಮ ಉಪಗ್ರಹ ಅಲ್ಲಿ ಹಾದುಹೋಗುತ್ತದೆಂಬ ಖಾತರಿಯಿಲ್ಲ. ದಕ್ಷಿಣ ಕೊರಿಯಾ 2010ರಲ್ಲಿ ಭೂಸ್ಥಿರ ಕಕ್ಷೆಯಲ್ಲಿಟ್ಟ ಸಂವೇದಕ ತನ್ನ ಸುತ್ತಲಿನ ಕಡಲನ್ನು ಹಗಲಿನಲ್ಲಿ ಗಂಟೆಗೊಮ್ಮೆ ನೋಡಿ, ಉಬ್ಬರವಿಳಿತದೊಡನೆ ಬಗ್ಗಡ ಮುಂದೆ ಹೋಗಿ ಹಿಂದೆ ಬರುವುದನ್ನು ತೋರಿಸಿಕೊಟ್ಟಿತು. ಬಂಗಾಳ ಕೊಲ್ಲಿಯ ಸಣ್ಣ ನದಿಗಳಿಗೆ ಅಂಥದೇ ಕಣ್ಣು ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇವೆಲ್ಲಕ್ಕೂ ಮೋಡ ಅಡ್ಡ. ಪ್ರವಾಹ ತರುವ ಮೋಡವೇ ಪ್ರವಾಹವನ್ನು ಮರೆಮಾಡುತ್ತದೆ. ಹೊಳೆ ಉಕ್ಕಿದ ದಿನಗಳ ಚಿತ್ರದಲ್ಲಿ ಬಿಳುಪಿನ ಹೊರತು ಬೇರೇನೂ ಇರುವುದಿಲ್ಲ. ಆಕಾಶ ತಿಳಿಯಾಗುವ ಹೊತ್ತಿಗೆ ಹರವಿನ ದೊಡ್ಡ ಭಾಗ ಚದುರಿಹೋಗಿರಬಹುದು. ರಾಡಾರ್ ಉಪಗ್ರಹಗಳು, ಉದಾಹರಣೆಗೆ ಸೆಂಟಿನೆಲ್-1, ಇಸ್ರೊದ ಇಒಎಸ್-04, ಮತ್ತು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೊರಟ ಇಸ್ರೊ ಮತ್ತು ನಾಸಾಗಳ ಜಂಟಿ ಉಪಗ್ರಹ ನೈಸಾರ್, ಮೋಡದ ಮೂಲಕ ನೋಡಬಲ್ಲವು. ನೆಲದ ಮೇಲೆ ಯಾವ ಊರು ಮುಳುಗಿದೆ, ಯಾವ ಕೆರೆ ತುಂಬಿದೆ ಎಂಬುದನ್ನು ರಾಡಾರ್ ಚೆನ್ನಾಗಿ ಹೇಳುತ್ತದೆ. ಕಡಲಿನ ಮೇಲೆ ಅದು ಬಣ್ಣವನ್ನು ಕಾಣದು. ಮೇಲ್ಮೈಯ ಒರಟುತನವನ್ನಷ್ಟೇ ಗ್ರಹಿಸಿ ಹರವಿನ ಅಂಚಿನ ಗೆರೆಯನ್ನು ಕೆಲವೊಮ್ಮೆ ತೋರಿಸುತ್ತದೆ.

ಯಾರ ನೀರು, ಯಾರ ಮಣ್ಣು

ಉಪ್ಪಿನಂಶವನ್ನು ನೇರವಾಗಿ ಅಳೆಯುವ ಉಪಗ್ರಹಗಳೂ ಇವೆ. 2009ರ ಸ್ಮಾಸ್, 2015ರ ಸ್ಮ್ಯಾಪ್ ಇವು ಕಡಲು ತಾನಾಗಿ ಸೂಸುವ 1.4 ಗಿಗಾಹರ್ಟ್ಸ್ ಆವರ್ತನದ ಕ್ಷೀಣ ಸೂಕ್ಷ್ಮತರಂಗಗಳನ್ನು ಗ್ರಹಿಸುತ್ತವೆ. ನೀರಿನ ವಿದ್ಯುದ್ವಾಹಕತೆ ಉಪ್ಪಿನೊಡನೆ ಬದಲಾಗುವುದರಿಂದ ಆ ಸೂಸುವಿಕೆಯೂ ಬದಲಾಗುತ್ತದೆ. ಆದರೆ ಅವುಗಳ ಒಂದು ನೋಟ ಸುಮಾರು 40 ಕಿ.ಮೀ. ಅಗಲದ್ದು, ಮತ್ತು ದಡದ ಹತ್ತಿರ ನೆಲದ ಸೂಸುವಿಕೆ ಬೆರೆತು ಅಳತೆ ಕೆಡುತ್ತದೆ. ಪೆನ್ನಾ ಗಾತ್ರದ ನದಿಗೆ ಅವು ಒದಗುವುದಿಲ್ಲ.

ಒದಗಿದ್ದರೂ ಇನ್ನೊಂದು ಗೊಂದಲ ಉಳಿಯುತ್ತಿತ್ತು. ಭಾರತದ ಪೂರ್ವ ಕರಾವಳಿಯ ಮೀನುಗಾರರು ನಿಯತವಾಗಿ ಸಂಗ್ರಹಿಸಿಕೊಟ್ಟ ನೀರಿನ ಮಾದರಿಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮುಂಗಾರು ಮುಗಿದ ಮೇಲೆ ಕೊಲ್ಲಿಯ ಉತ್ತರದಿಂದ ಸುಮಾರು 100 ಕಿ.ಮೀ. ಅಗಲದ ಕಡಿಮೆ ಉಪ್ಪಿನ ನೀರಿನ ಪಟ್ಟಿಯೊಂದು ದಡಕ್ಕೆ ಅಂಟಿಕೊಂಡು ದಕ್ಷಿಣಕ್ಕೆ ಹರಿಯುತ್ತದೆ ಎಂದು ತೋರಿಸಿತು. ಸಂಶೋಧಕರು ಅದನ್ನು ಕಡಲೊಳಗಿನ ನದಿ ಎಂದೇ ಕರೆದರು. ಉತ್ತರದ ದೊಡ್ಡ ನದಿಗಳು ಕೊಲ್ಲಿಗೆ ಸುರಿದ ಮಳೆಗಾಲದ ನೀರು ಹಿಂಗಾರಿನ ಹೊತ್ತಿಗೆ ನಮ್ಮ ನದಿಗಳ ಅಳಿವೆಗಳ ಮುಂದೆ ಹಾದುಹೋಗುತ್ತಿರುತ್ತದೆ. ನೆಲ್ಲೂರಿನ ಮುಂದಿನ ಕಡಲಿನಲ್ಲಿ ನವೆಂಬರ್ ತಿಂಗಳಲ್ಲಿ ಉಪ್ಪು ಕಡಿಮೆಯಿತ್ತೆಂದ ಮಾತ್ರಕ್ಕೆ ಅದು ಪೆನ್ನಾದ ನೀರಾಗಬೇಕಿಲ್ಲ. ಈ ಎಡೆಯಲ್ಲಿ ಬಣ್ಣವೇ ಹೆಚ್ಚು ನಂಬಲರ್ಹ ಸಾಕ್ಷಿ: ದೂರದಿಂದ ಬಂದ ಸಿಹಿನೀರು ದಾರಿಯಲ್ಲೇ ತನ್ನ ಮಣ್ಣನ್ನು ಕಳೆದುಕೊಂಡಿರುತ್ತದೆ, ಹತ್ತಿರದ ಹೊಳೆಯದು ಕೆಂಪಾಗಿಯೇ ಇರುತ್ತದೆ.

ಬಣ್ಣಕ್ಕೂ ತನ್ನದೇ ಮೋಸಗಳಿವೆ. ಹಿಂಗಾರಿನ ಅಲೆಗಳು ದಡದ ಸಮೀಪದ ತಳವನ್ನು ಕದಡಿ, ನದಿಯ ಸಂಬಂಧವೇ ಇಲ್ಲದ ಬಗ್ಗಡದ ಪಟ್ಟಿಯನ್ನು ಎಬ್ಬಿಸುತ್ತವೆ. ಇದನ್ನು ನದಿಹರವಿನಿಂದ ಬೇರ್ಪಡಿಸಲು ಮೊದಲು ಆಕಾರ ನೋಡಬೇಕು. ನದಿಹರವು ಅಳಿವೆಯಲ್ಲಿ ದಟ್ಟವಾಗಿದ್ದು ಅಲ್ಲಿಂದ ತೆಳುವಾಗುತ್ತ ಹೋದರೆ, ಅಲೆ ಎಬ್ಬಿಸಿದ ಬಗ್ಗಡ ದಡದುದ್ದಕ್ಕೂ ಹೆಚ್ಚುಕಡಿಮೆ ಸಮನಾಗಿರುತ್ತದೆ. ಆಮೇಲೆ ನದಿಯ ಹರಿವಿನ ದಾಖಲೆಯೊಡನೆ ಕಾಲವನ್ನು ತಾಳೆ ನೋಡಬೇಕು. ಹರವಿನ ಅಂಚನ್ನು ಎಲ್ಲಿ ಎಳೆಯಬೇಕೆಂಬುದೂ ತೀರ್ಮಾನದ ಮಾತೇ. ಪ್ರವಾಹವಿಲ್ಲದ ದಿನಗಳ ಹಲವು ಚಿತ್ರಗಳಿಂದ ಆ ಕರಾವಳಿಯ ಸಾಮಾನ್ಯ ಬಗ್ಗಡ ಎಷ್ಟೆಂದು ತಿಳಿದುಕೊಂಡು, ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿರುವ ಮಟ್ಟವನ್ನು ಗಡಿಯಾಗಿ ಇಟ್ಟುಕೊಳ್ಳುವುದು ರೂಢಿ. ಆ ಗಡಿಯನ್ನು ಸ್ವಲ್ಪ ಸರಿಸಿದರೂ ಹರವಿನ ವಿಸ್ತೀರ್ಣ ಬಹಳ ಬದಲಾಗುವುದರಿಂದ, ಗಡಿ ಯಾವುದೆಂದು ಹೇಳದೆ ಕೊಟ್ಟ ವಿಸ್ತೀರ್ಣಕ್ಕೆ ಬೆಲೆಯಿಲ್ಲ.

ಎರಡು ಪ್ರವಾಹಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇಲ್ಲಿ ಉಪಯುಕ್ತ. 2021ರ ನವೆಂಬರ್‌ನಲ್ಲಿ ಒಂದರ ಹಿಂದೆ ಒಂದು ಬಂದ ವಾಯುಭಾರ ಕುಸಿತಗಳಿಂದ ರಾಯಲಸೀಮೆಯಲ್ಲೂ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ಭಾರೀ ಮಳೆಯಾಯಿತು. ಎಷ್ಟೋ ವರ್ಷ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು, ಪಾಲಾರ್ ಉಕ್ಕಿತು, ಪೆನ್ನಾದ ಉಪನದಿ ಚೆಯ್ಯೇರಿನ ಮೇಲಿನ ಅನ್ನಮಯ್ಯ ಜಲಾಶಯದ ಕಟ್ಟೆ ನವೆಂಬರ್ 19ರಂದು ಒಡೆಯಿತು, ಸೋಮಶಿಲ ಜಲಾಶಯದಿಂದ ಬಿಟ್ಟ ನೀರು ನೆಲ್ಲೂರಿನ ಕಡೆಗೆ ನುಗ್ಗಿತು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಕಥೆ ಬೇರೆ. ಆಗ ದಕ್ಷಿಣ ಪಿನಾಕಿನಿಯ ಸಾತನೂರು ಅಣೆಕಟ್ಟೆಯಿಂದ ಒಂದೂವರೆ ಲಕ್ಷ ಕ್ಯುಸೆಕ್‌ಗೂ ಹೆಚ್ಚು, ಅಂದರೆ ಸೆಕೆಂಡಿಗೆ 4,200 ಘನ ಮೀಟರಿಗೂ ಮಿಕ್ಕಿ ನೀರನ್ನು ಬಿಡಲಾಯಿತು. ಆದರೆ ಆ ನೀರಿನ ಬಹುಪಾಲು ಕೃಷ್ಣಗಿರಿ, ತಿರುವಣ್ಣಾಮಲೈ ಕಡೆ ಸುರಿದ ಮಳೆಯದು. ಅಳಿವೆಗಳ ಮುಂದೆ ಒಂದೇ ಬಗೆಯ ಕೆಂಪು ಹರವು ಕಂಡರೂ ಒಂದರಲ್ಲಿ ನಂದಿಯ ಮಣ್ಣಿರಬಹುದು, ಇನ್ನೊಂದರಲ್ಲಿ ಇಲ್ಲವೇ ಇಲ್ಲದಿರಬಹುದು. ಉಪಗ್ರಹ ಈ ವ್ಯತ್ಯಾಸವನ್ನು ಹೇಳಲಾರದು. ಜಲಾನಯನದಲ್ಲಿ ಮಳೆ ಎಲ್ಲಿ ಬಿತ್ತು, ಯಾವ ಅಣೆಕಟ್ಟು ಯಾವಾಗ ಬಾಗಿಲು ತೆರೆಯಿತು ಎಂಬ ದಾಖಲೆಗಳೂ ಮಣ್ಣಿನ ಖನಿಜಗಳ ಪರೀಕ್ಷೆಯೂ ಸೇರಿದರೆ ಮಾತ್ರ ಉತ್ತರ ಸಿಗುತ್ತದೆ.

ಹರವು ಕಾಣದಿರುವುದೂ ಒಂದು ಅಳತೆಯೇ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಸಾಧಾರಣ ವರ್ಷಗಳಲ್ಲಿ ಪಾಲಾರಿನ ಅಳಿವೆಯ ಚಿತ್ರಗಳಲ್ಲಿ ಕಾಣುವುದು ಒಣ ಮರಳು ಮತ್ತು ಅಲೆಗಳು ಕಟ್ಟಿದ ದಿಬ್ಬ. ನಮ್ಮ ಜಿಲ್ಲೆಗಳ ಕೆರೆಸಾಲುಗಳಲ್ಲಿ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ತುಂಬಿಸುತ್ತ ಹೋಗುವುದರಿಂದ ನೀರಿನೊಡನೆ ಮಣ್ಣೂ ಹಂತಹಂತವಾಗಿ ಇಳಿದು ಹೂಳಾಗುತ್ತದೆ. ಉಳಿದದ್ದನ್ನು ಕೆಳಗಿನ ದೊಡ್ಡ ಜಲಾಶಯಗಳು ಹಿಡಿಯುತ್ತವೆ. ಕಡಲಿಗೆ ಹೋಗಬೇಕಿದ್ದ ಹೂಳು ಹೋಗದಿದ್ದಾಗ ಅಳಿವೆಯ ಬಳಿಯ ನೆಲ ಅಲೆಗಳಿಗೆ ಕರಗುವುದನ್ನು ಜಗತ್ತಿನ ಅನೇಕ ನದಿಗಳಲ್ಲಿ ನೋಡಲಾಗಿದೆ. ಕೆರೆ ಕಟ್ಟಿದವರು ತಪ್ಪು ಮಾಡಿದರೆಂದು ಇದರ ಅರ್ಥವಲ್ಲ. ಮಳೆ ಕಡಿಮೆಯಿರುವ ಈ ಸೀಮೆ ಬದುಕಿರುವುದೇ ಆ ಕೆರೆಗಳಿಂದ. ಆದರೆ ಕೆರೆಯ ಹೂಳು ಮತ್ತು ಕಡಲಿನ ದಡ ಒಂದೇ ಲೆಕ್ಕಪುಸ್ತಕದ ಎರಡು ಪುಟಗಳಾಗಿರುವಾಗ, ಒಂದನ್ನು ಮಾತ್ರ ಓದಿ ನದಿಯನ್ನು ಅರಿಯಲಾಗದು.

ಅಳಿವೆಯಲ್ಲಿ ಬಳಸುವ ವಿಧಾನ ಕೆರೆಗೂ ಸಲ್ಲುತ್ತದೆ ಎಂಬುದು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ. ನೂರು ಎಕರೆ ಹರಡಿದ ಕೆರೆಯೆಂದರೆ ಸೆಂಟಿನೆಲ್-2ರ ಚಿತ್ರದಲ್ಲಿ ಸುಮಾರು ನಾಲ್ಕು ಸಾವಿರ ಪಿಕ್ಸೆಲ್. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದಂದಿನಿಂದ ಆ ಕೆರೆಗಳ ಬಣ್ಣವನ್ನು ಗಮನಿಸಲು ಹೆಚ್ಚಿನ ಕಾರಣವೂ ಇದೆ, ಏಕೆಂದರೆ ಸಂಸ್ಕರಿಸಿದ ನೀರಿನಲ್ಲಿ ಉಳಿಯುವ ಸಾರಜನಕ ಮತ್ತು ರಂಜಕ ಪಾಚಿಯನ್ನು ಬೆಳೆಸಬಲ್ಲವು. 665 ಮತ್ತು 705 ನ್ಯಾನೋಮೀಟರ್ ಬೆಳಕಿನ ಹೋಲಿಕೆಯಿಂದ ಪಾಚಿಯ ಪತ್ರಹರಿತ್ತನ್ನು ಮಣ್ಣಿನ ಬಗ್ಗಡದಿಂದ ತಕ್ಕಮಟ್ಟಿಗೆ ಬೇರ್ಪಡಿಸಬಹುದು. ಈ ಚಿತ್ರಗಳು ಉಚಿತ.

ತಾಳೆ ನೋಡಲು ಬೇಕಾದ ಸಲಕರಣೆಗಳೂ ದುಬಾರಿಯಲ್ಲ. ಇಟಲಿಯ ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿಕೊಂಡರೆ ನೀರಿನ ತಿಳಿತನ ತಿಳಿಯುತ್ತದೆ. ಒಂದು ಲೀಟರ್ ನೀರನ್ನು ಮೊದಲೇ ತೂಗಿಟ್ಟ ಸೋಸುಹಾಳೆಯಲ್ಲಿ ಸೋಸಿ, ಸುಮಾರು 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿದರೆ ತೇಲುಮಣ್ಣಿನ ತೂಕ ಸಿಗುತ್ತದೆ. ಉಪಗ್ರಹ ಮೇಲೆ ಹಾದುಹೋಗುವುದು ಬೆಳಗಿನ ಹತ್ತೂವರೆ, ಹನ್ನೊಂದರ ಸುಮಾರಿಗೆ. ಮಾದರಿಯನ್ನೂ ಅದೇ ದಿನ, ಆ ಹೊತ್ತಿನ ಆಸುಪಾಸಿನಲ್ಲೇ ತೆಗೆಯಬೇಕು. ತೆಗೆಯುವ ಜಾಗ ಏರಿಯಿಂದಲೂ ಜೊಂಡಿನಿಂದಲೂ ಕೆಲವು ಪಿಕ್ಸೆಲ್‌ಗಳಷ್ಟು ದೂರದಲ್ಲಿರಬೇಕು, ಇಲ್ಲದಿದ್ದರೆ ಪಕ್ಕದ ನೆಲದ ಬೆಳಕು ನೀರಿನ ಬೆಳಕಿನೊಡನೆ ಬೆರೆಯುತ್ತದೆ. ತಳ ಕಾಣುವಷ್ಟು ತೆಳುವಾದ ನೀರನ್ನೂ ಬಿಡಬೇಕು. ಹೀಗೆ ಮಳೆಗಾಲದ ಕೆನ್ನೀರಿನಿಂದ ಬೇಸಿಗೆಯ ಪಾಚಿನೀರಿನವರೆಗೆ ಒಂದೇ ಕೆರೆಯಲ್ಲಿ ವರ್ಷಪೂರ್ತಿ ಅಳತೆಗಳು ದೊರೆತರೆ, ನಮ್ಮ ಕೆಂಪುಮಣ್ಣು ಎಷ್ಟು ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬ ಸಂಖ್ಯೆಗಳು ನಮ್ಮಲ್ಲೇ ಸಿದ್ಧವಾಗುತ್ತವೆ, ಮತ್ತು ಪೆನ್ನಾ, ಪಾಲಾರ್ ಅಳಿವೆಗಳ ಚಿತ್ರಗಳನ್ನು ಲೆಕ್ಕ ಹಾಕುವವರು ಹೊರದೇಶದ ಕೆಸರಿನ ಸೂತ್ರದ ಬದಲು ಆ ಸಂಖ್ಯೆಗಳಿಂದ ಆರಂಭಿಸಬಹುದು.